ಇ-ಮೇಲ್ ಸರ್ವರ್ ಬದಲಾವಣೆ: ಲಾಗಿನ್ ವೈಫಲ್ಯವೂ ಮಾಲೀಕರ ಹೊಣೆಯೂ

ವ್ಯಾಪಾರ ಹಾಗೂ ಕೈಗಾರಿಕಾ ಸಂಸ್ಥೆಗಳು ತಮ್ಮ ಇ-ಮೇಲ್ ವ್ಯವಸ್ಥೆಯನ್ನು ಹಳೆಯ ಸರ್ವರ್‌ನಿಂದ ಹೊಸದಕ್ಕೆ ವರ್ಗಾಯಿಸುವುದು ಕಳೆದ ಕೆಲವು ವರ್ಷಗಳಿಂದ ಸಾಮಾನ್ಯ ಸಂಗತಿಯಾಗಿದೆ. ಇದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ, ಅನೇಕ ವೇಳೆ ಅನಿವಾರ್ಯತೆ. ತಮ್ಮ ಸಂಸ್ಥೆಯ ಹೆಸರಿನ ವಿಳಾಸಕ್ಕಾಗಿ ಗೂಗಲ್‌ನ ಉಚಿತ ಸೇವೆಯನ್ನು ಬಳಸುತ್ತಿದ್ದ ಸಣ್ಣ ಉದ್ಯಮಿಗಳು ಹಣ ತೆತ್ತು ಮುಂದುವರಿಯಬೇಕು, ಇಲ್ಲವೇ ಬೇರೆಡೆಗೆ ಹೋಗಬೇಕು ಎಂಬ ಪರಿಸ್ಥಿತಿ 2022ರಲ್ಲಿ ಉಂಟಾಯಿತು. ಅದೇ ವರ್ಷದ ಅಕ್ಟೋಬರ್ 1ರಿಂದ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಚೇಂಜ್ ಆನ್‌ಲೈನ್ ಸೇವೆಯಲ್ಲಿ ಬರಿಯ ಹೆಸರು ಮತ್ತು ಪಾಸ್‌ವರ್ಡ್ ಕಳುಹಿಸಿ ಒಳಬರುವ ಹಳೆಯ ಪದ್ಧತಿಯನ್ನು ಹಂತ ಹಂತವಾಗಿ ಮುಚ್ಚಲಾರಂಭಿಸಿತು. ಕಚೇರಿಯಲ್ಲೇ ಇರಿಸಿಕೊಳ್ಳುವ ಎಕ್ಸ್‌ಚೇಂಜ್ 2016 ಮತ್ತು 2019 ಆವೃತ್ತಿಗಳಿಗೆ ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಎನ್‌ಐಸಿ ನಡೆಸುತ್ತಿದ್ದ ಸರ್ಕಾರಿ ಇ-ಮೇಲ್ ವ್ಯವಸ್ಥೆಯ ಸುಮಾರು 12 ಲಕ್ಷ ಖಾತೆಗಳು ಜೊಹೊ ಸಂಸ್ಥೆಯ ವೇದಿಕೆಗೆ ವರ್ಗವಾದ ವಿಷಯವೂ 2025ರಲ್ಲಿ ವರದಿಯಾಯಿತು.

ಇಂತಹ ವರ್ಗಾವಣೆಗಳಲ್ಲಿ ಬಹುತೇಕ ಒಂದೇ ಬಗೆಯ ಸಂಕಟ ಎದುರಾಗುತ್ತದೆ. ಪತ್ರಗಳು ಸುರಕ್ಷಿತವಾಗಿ ಹೊಸ ಜಾಗವನ್ನು ತಲುಪಿರುತ್ತವೆ, ಆದರೆ ಪತ್ರದ ಒಡೆಯನಿಗೆ ಒಳಗೆ ಹೋಗಲಾಗುವುದಿಲ್ಲ. "ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ" ಎಂಬ ಒಂದು ಸಾಲು ತೆರೆಯ ಮೇಲೆ ಮೂಡಿ ಸೋಮವಾರದ ಬೆಳಗಿನ ವಹಿವಾಟು ನಿಂತುಹೋಗುತ್ತದೆ. ಇದನ್ನು ತಂತ್ರಜ್ಞರ ಪಾಲಿನ ಕೆಲಸವೆಂದು ತಿಳಿದು ಮಾಲೀಕರು ದೂರ ನಿಲ್ಲುವುದು ವಾಡಿಕೆ. ನನ್ನ ಅಭಿಪ್ರಾಯ ಬೇರೆ. ಲಾಗಿನ್ ವೈಫಲ್ಯವು ಮೇಲ್ನೋಟಕ್ಕೆ ಯಂತ್ರದ ದೋಷವೆನಿಸಿದರೂ ಬಹುಪಾಲು ಸಂದರ್ಭಗಳಲ್ಲಿ ಅದು ದಾಖಲೆಯ ದೋಷ. ಸಂಸ್ಥೆಯ ದಾಖಲೆಗೆ ಹೊಣೆಗಾರರು ಮಾಲೀಕರೇ.

ಡೈರೆಕ್ಟರಿ ಎಂದರೇನು?

ಡೈರೆಕ್ಟರಿ ಎಂದೊಡನೆ ನಮ್ಮ ಪೀಳಿಗೆಯವರಿಗೆ ನೆನಪಾಗುವುದು ದಪ್ಪನೆಯ ದೂರವಾಣಿ ಕೈಪಿಡಿ. ಈ ಹೋಲಿಕೆ ಆಕಸ್ಮಿಕವೂ ಅಲ್ಲ. 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಿಂದಾಗಿ ಕೆ.ಆರ್. ಪುರದ ಬಳಿಯ ಒಂದು ಬಡಾವಣೆಗೆ ದೂರವಾಣಿನಗರ ಎಂಬ ಹೆಸರೇ ಬಂದಿತು. ಅಂತಹ ದೂರಸಂಪರ್ಕ ಲೋಕದ ಅಂತರರಾಷ್ಟ್ರೀಯ ಮಂಡಳಿಯೇ 1988ರಲ್ಲಿ ಎಕ್ಸ್.500 ಎಂಬ ವಿದ್ಯುನ್ಮಾನ ಕೈಪಿಡಿಯ ಮಾನಕವನ್ನು ರೂಪಿಸಿತು. ಅದನ್ನು ಸರಳಗೊಳಿಸಿ 1993ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಪದ್ಧತಿಯೇ ಎಲ್‌ಡ್ಯಾಪ್. ವಿಂಡೋಸ್ 2000ದೊಂದಿಗೆ ಬಂದ ಆಕ್ಟಿವ್ ಡೈರೆಕ್ಟರಿಯೂ, ಉಚಿತವಾಗಿ ದೊರೆಯುವ ಓಪನ್ ಎಲ್‌ಡ್ಯಾಪ್ ಕೂಡ ಇದೇ ಪದ್ಧತಿಯನ್ನು ಅನುಸರಿಸುತ್ತವೆ.

ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಡೈರೆಕ್ಟರಿಯು ಸಿಬ್ಬಂದಿಯ ಖಾತೆಪುಸ್ತಕ. ಯಾರು ಸಂಸ್ಥೆಯಲ್ಲಿದ್ದಾರೆ, ಯಾವ ವಿಭಾಗದವರು, ಅವರ ಖಾತೆ ಚಾಲ್ತಿಯಲ್ಲಿದೆಯೇ, ಅವರ ಪಾಸ್‌ವರ್ಡ್‌ನ ಗುರುತು ಏನು ಎಂಬುದೆಲ್ಲ ಅದರಲ್ಲಿರುತ್ತದೆ. ಇ-ಮೇಲ್ ಸರ್ವರ್ ಅನೇಕ ಕಚೇರಿಗಳಲ್ಲಿ ಪಾಸ್‌ವರ್ಡನ್ನು ತನ್ನಲ್ಲಿ ಇರಿಸಿಕೊಂಡಿರುವುದಿಲ್ಲ. ನೌಕರ ಬಂದು ಬಾಗಿಲು ತಟ್ಟಿದಾಗ ಅದು ಡೈರೆಕ್ಟರಿಯನ್ನು ಕೇಳುತ್ತದೆ: ಈತ ನಮ್ಮವನೇ? ಡೈರೆಕ್ಟರಿ ಹೌದೆಂದರೆ ಬಾಗಿಲು ತೆರೆಯುತ್ತದೆ. ಹೊಸ ಇ-ಮೇಲ್ ಸರ್ವರ್ ಬಂದಾಗ ಅದು ಈ ಹಳೆಯ ಖಾತೆಪುಸ್ತಕವನ್ನು ಹೊಸದಾಗಿ ಓದಲು ಕಲಿಯಬೇಕಾಗುತ್ತದೆ. ಪುಸ್ತಕ ಎಲ್ಲಿದೆ, ಯಾವ ಪುಟದಿಂದ ಓದಬೇಕು, ಓದಲು ಅನುಮತಿ ಯಾರದು, ಹೆಸರನ್ನು ಯಾವ ರೂಪದಲ್ಲಿ ಬರೆದಿದೆ ಎಂಬ ನಾಲ್ಕು ವಿಷಯಗಳಲ್ಲಿ ಒಂದು ತಪ್ಪಿದರೂ ಉತ್ತರ "ಇಲ್ಲ" ಎಂದೇ ಬರುತ್ತದೆ.

ಆದಾಯ ತೆರಿಗೆ ಜಾಲತಾಣದ ಪಾಠ

ದೊಡ್ಡ ಸಂಸ್ಥೆಗಳೂ ಈ ಸಂಕಟದಿಂದ ಪಾರಾಗಿಲ್ಲ. ನಮ್ಮ ಸದಸ್ಯರೆಲ್ಲರೂ ಅನುಭವಿಸಿದ ಉದಾಹರಣೆಯೆಂದರೆ ಆದಾಯ ತೆರಿಗೆ ಇಲಾಖೆಯ ಜಾಲತಾಣದ ಬದಲಾವಣೆ. ಅದು ಇ-ಮೇಲ್ ಸರ್ವರ್ ಅಲ್ಲ, ಆದರೆ ಕೋಟ್ಯಂತರ ಖಾತೆಗಳನ್ನು ಹಳೆಯ ಮನೆಯಿಂದ ಹೊಸ ಮನೆಗೆ ಸಾಗಿಸಿದ ಕಾರ್ಯ. ನಮ್ಮ ನಗರದ ಇನ್ಫೋಸಿಸ್ ಸಿದ್ಧಪಡಿಸಿದ ಹೊಸ ಜಾಲತಾಣಕ್ಕಾಗಿ 2021ರ ಜೂನ್ 1ರಿಂದ 6ರವರೆಗೆ ಹಳೆಯದನ್ನು ಮುಚ್ಚಿ, ಜೂನ್ 7ರಂದು ಹೊಸದನ್ನು ತೆರೆಯಲಾಯಿತು. ಮೊದಲ ದಿನದಿಂದಲೇ ಲಾಗಿನ್ ಆಗುತ್ತಿಲ್ಲ, ಒಟಿಪಿ ಬರುತ್ತಿಲ್ಲ ಎಂಬ ದೂರುಗಳು ಕೇಳಿಬಂದವು. ಆಗಸ್ಟ್ 21 ಮತ್ತು 22ರಂದು ಜಾಲತಾಣವೇ ದೊರೆಯದೆ ಹೋಗಿ, ಆಗಸ್ಟ್ 23ರಂದು ಸಂಸ್ಥೆಯ ಮುಖ್ಯಸ್ಥರು ಹಣಕಾಸು ಸಚಿವರ ಮುಂದೆ ವಿವರಣೆ ನೀಡಬೇಕಾಯಿತು. ವಿವರಪಟ್ಟಿ ಸಲ್ಲಿಕೆಯ ಗಡುವು ಕೊನೆಗೆ ಡಿಸೆಂಬರ್ 31ರವರೆಗೆ ವಿಸ್ತರಣೆಯಾಯಿತು.

ಈ ಪ್ರಸಂಗದಿಂದ ಕಲಿಯಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದಾಗಿ, ಸಾಮಾನು ಸಾಗಿದಷ್ಟು ಸುಲಭವಾಗಿ ಕೀಲಿಕೈ ಸಾಗುವುದಿಲ್ಲ. ಹಳೆಯ ಜಾಲತಾಣದಲ್ಲಿ ನೋಂದಾಯಿಸಿದ್ದ ಡಿಜಿಟಲ್ ಸಹಿಯನ್ನು ಹೊಸದರಲ್ಲಿ ಎಲ್ಲರೂ ಮರಳಿ ನೋಂದಾಯಿಸಬೇಕಾಯಿತು. ಇ-ಮೇಲ್ ವರ್ಗಾವಣೆಯಲ್ಲಿಯೂ ಹೀಗೆಯೇ. ಡೈರೆಕ್ಟರಿಯಲ್ಲಿ ಪಾಸ್‌ವರ್ಡ್ ಇದ್ದಂತೆಯೇ ಇರುವುದಿಲ್ಲ, ಮರಳಿ ಬಿಡಿಸಲಾಗದ ಗುರುತಿನ ರೂಪದಲ್ಲಿ ಇರುತ್ತದೆ. ಒಂದು ಬಗೆಯ ಡೈರೆಕ್ಟರಿಯ ಗುರುತನ್ನು ಇನ್ನೊಂದು ಬಗೆಯದು ಒಪ್ಪದಿದ್ದರೆ ಪ್ರತಿಯೊಬ್ಬರೂ ಹೊಸ ಪಾಸ್‌ವರ್ಡ್ ಪಡೆಯಲೇಬೇಕು. ಇದನ್ನು ಮೊದಲೇ ತಿಳಿಸಿದರೆ ಅದು ಯೋಜನೆ, ಬೆಳಗ್ಗೆ ಎದ್ದು ಕಂಡುಕೊಂಡರೆ ಅದು ಆಪತ್ತು.

ಎರಡನೆಯದಾಗಿ, ಮುಂಬಾಗಿಲು ಕೈಕೊಟ್ಟಾಗ ಪಕ್ಕದ ಬಾಗಿಲು ತೆರೆದಿರಬೇಕು. ವಿದೇಶಕ್ಕೆ ಹಣ ಕಳುಹಿಸುವಾಗ ಬೇಕಾಗುವ 15ಸಿಎ ಮತ್ತು 15ಸಿಬಿ ನಮೂನೆಗಳನ್ನು ಬ್ಯಾಂಕಿಗೆ ಕಾಗದದಲ್ಲಿಯೇ ನೀಡಲು ನೇರ ತೆರಿಗೆ ಮಂಡಳಿಯು ಮೊದಲು ಜೂನ್ 30ರವರೆಗೆ, ಬಳಿಕ ಜುಲೈ 15ರವರೆಗೆ, ನಂತರ ಆಗಸ್ಟ್ 15ರವರೆಗೆ ಅವಕಾಶ ಕೊಟ್ಟಿತು. ಆ ಪಕ್ಕದ ಬಾಗಿಲು ಇಲ್ಲದಿದ್ದರೆ ಆಮದು ವ್ಯವಹಾರದ ಅನೇಕರ ಪಾವತಿಗಳು ನಿಂತುಹೋಗುತ್ತಿದ್ದವು. ತಮ್ಮ ಇ-ಮೇಲ್ ಸರ್ವರ್ ಬದಲಿಸುವಾಗ ಇಂತಹ ಪಕ್ಕದ ಬಾಗಿಲನ್ನು ಯೋಚಿಸುವ ಮಾಲೀಕರು ವಿರಳ.

ದೋಷ ಎಲ್ಲಿದೆ ಎಂದು ಗುರುತಿಸುವ ಬಗೆ

ತಾಳೆಪಟ್ಟಿ ತಾಳೆಯಾಗದಿದ್ದಾಗ ಲೆಕ್ಕಿಗನು ಎಲ್ಲ ಪುಟಗಳನ್ನೂ ಒಂದೇ ಸಲ ತಿರುವುವುದಿಲ್ಲ. ವ್ಯತ್ಯಾಸ ಒಂದು ಖಾತೆಯದೋ, ಒಂದು ದಿನದ್ದೋ, ಕೂಡಿಕೆಯದೋ ಎಂದು ಮೊದಲು ವಿಂಗಡಿಸುತ್ತಾನೆ. ಲಾಗಿನ್ ವೈಫಲ್ಯಕ್ಕೂ ಇದೇ ಕ್ರಮ ಸಲ್ಲುತ್ತದೆ. ಈ ಪ್ರಶ್ನೆಗಳನ್ನು ಕೇಳಲು ತಂತ್ರಜ್ಞಾನದ ಪದವಿ ಬೇಕಿಲ್ಲ.

ತೊಂದರೆ ಒಬ್ಬರಿಗೋ, ಎಲ್ಲರಿಗೋ ಎಂಬುದು ಮೊದಲ ಪ್ರಶ್ನೆ. ಎಲ್ಲರಿಗೂ ಏಕಕಾಲಕ್ಕೆ ತೊಂದರೆಯಾಗಿದ್ದರೆ ದೋಷವು ಇ-ಮೇಲ್ ಸರ್ವರ್ ಮತ್ತು ಡೈರೆಕ್ಟರಿಯ ನಡುವಣ ದಾರಿಯಲ್ಲಿದೆ. ಅಂತಹ ಹೊತ್ತಿನಲ್ಲಿ ಒಬ್ಬೊಬ್ಬರ ಪಾಸ್‌ವರ್ಡ್ ಬದಲಿಸುತ್ತ ಕೂರುವುದು ವ್ಯರ್ಥ. ಒಬ್ಬರಿಗೆ ಮಾತ್ರವಾದರೆ ದೋಷವು ಅವರ ನಮೂದಿನಲ್ಲಿದೆ.

ತೊಂದರೆಯಾದವರೆಲ್ಲ ಒಂದೇ ಗುಂಪಿನವರೇ ಎಂಬುದು ಎರಡನೆಯ ಪ್ರಶ್ನೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಮಾರಾಟ ಮಳಿಗೆಯನ್ನೂ ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶದಲ್ಲಿ ತಯಾರಿಕಾ ಘಟಕವನ್ನೂ ಹೊಂದಿದ ಒಂದು ಸಂಸ್ಥೆಯನ್ನು ಕಲ್ಪಿಸಿಕೊಳ್ಳೋಣ. ಮಳಿಗೆಯವರಿಗೆಲ್ಲ ಲಾಗಿನ್ ಆಗುತ್ತಿದೆ, ಘಟಕದವರಿಗೆ ಯಾರಿಗೂ ಆಗುತ್ತಿಲ್ಲ. ಡೈರೆಕ್ಟರಿಯಲ್ಲಿ ಎರಡು ಕವಲುಗಳಿದ್ದು, ಹೊಸ ಸರ್ವರ್‌ಗೆ ಒಂದು ಕವಲನ್ನು ಮಾತ್ರ ಹುಡುಕಲು ಹೇಳಲಾಗಿದೆ ಎಂಬುದೇ ಇದರ ಅತಿ ಸಂಭವನೀಯ ಕಾರಣ. ಹಾಗೆಯೇ ಒಂದೇ ಹೆಸರಿನ ಇಬ್ಬರು ಮಂಜುನಾಥರಿಗೆ ಮಾತ್ರ ತೊಂದರೆಯಾದರೆ, ಹುಡುಕಾಟಕ್ಕೆ ಎರಡು ನಮೂದುಗಳು ಸಿಕ್ಕಿ ಸರ್ವರ್ ಇಬ್ಬರನ್ನೂ ನಿರಾಕರಿಸುತ್ತಿದೆ ಎಂದು ಊಹಿಸಬಹುದು.

ಹೆಸರನ್ನು ಯಾವ ರೂಪದಲ್ಲಿ ಬರೆಯುತ್ತಿದ್ದಾರೆ ಎಂಬುದು ಮೂರನೆಯ ಪ್ರಶ್ನೆ. ಹಳೆಯ ಸರ್ವರ್‌ಗೆ ಬರಿಯ ಹೆಸರು ಸಾಕಾಗಿತ್ತು, ಹೊಸದಕ್ಕೆ ಪೂರ್ಣ ಇ-ಮೇಲ್ ವಿಳಾಸ ಬೇಕು. ಇದೇ ಗುಂಪಿನ ಇನ್ನೊಂದು ತೊಡಕಿದೆ. ಹತ್ತು ಹದಿನೈದು ವರ್ಷಗಳ ಹಿಂದೆ ಕಚೇರಿಯ ಒಳಜಾಲಕ್ಕೆ "ಡಾಟ್ ಲೋಕಲ್" ಎಂದು ಕೊನೆಗೊಳ್ಳುವ ಹೆಸರಿಡುವುದು ರೂಢಿಯಾಗಿತ್ತು. ಹೊರಗಿನ ಸೇವೆಗಳು ಇಂತಹ ಹೆಸರನ್ನು ಗುರುತಿಸುವುದಿಲ್ಲ. ಆದ್ದರಿಂದ ವರ್ಗಾವಣೆಗೆ ಮುನ್ನವೇ ಪ್ರತಿಯೊಬ್ಬರ ಲಾಗಿನ್ ಹೆಸರನ್ನು ಸಂಸ್ಥೆಯ ನಿಜವಾದ ಡೊಮೇನ್‌ಗೆ ಹೊಂದಿಸಬೇಕು.

ಎಲ್ಲಿ, ಯಾವಾಗ ಎಂಬುದು ನಾಲ್ಕನೆಯ ಪ್ರಶ್ನೆ. ಬ್ರೌಸರ್‌ನಲ್ಲಿ ತೆರೆಯುತ್ತದೆ, ಮೊಬೈಲಿನಲ್ಲಿ ಇಲ್ಲ ಎಂದಾದರೆ ಮೊಬೈಲಿನಲ್ಲಿರುವ ತಂತ್ರಾಂಶವು ಹಳೆಯ ಪದ್ಧತಿಯಲ್ಲೇ ಬಾಗಿಲು ತಟ್ಟುತ್ತಿರಬಹುದು. ಕಚೇರಿಯಲ್ಲಿ ಆಗುತ್ತದೆ, ಮನೆಯಿಂದ ಇಲ್ಲ ಎಂದಾದರೆ ವಿಳಾಸದ ನಮೂದು ಒಳಗೊಂದು ಹೊರಗೊಂದು ಇರಬಹುದು. ಬೆಳಗ್ಗೆ ಸರಿಯಿದ್ದು ಮಧ್ಯಾಹ್ನದ ಹೊತ್ತಿಗೆ ಖಾತೆ ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತಿದ್ದರೆ, ನೌಕರನ ಹಳೆಯ ಫೋನೋ ಮನೆಯಲ್ಲಿರುವ ಲ್ಯಾಪ್‌ಟಾಪೋ ಹಳೆಯ ಪಾಸ್‌ವರ್ಡನ್ನು ಬಿಡದೆ ಕಳುಹಿಸುತ್ತಿದೆ ಎಂದರ್ಥ. ತಪ್ಪು ಪ್ರಯತ್ನಗಳ ಮಿತಿ ಮೀರಿದೊಡನೆ ಡೈರೆಕ್ಟರಿ ಖಾತೆಗೆ ಬೀಗ ಹಾಕುತ್ತದೆ. ಅದು ತನ್ನ ಕರ್ತವ್ಯವನ್ನೇ ಮಾಡುತ್ತಿರುತ್ತದೆ.

ದಾಖಲೆಯಲ್ಲಿ ಯಾವ ಸಂಕೇತ ಬಿದ್ದಿದೆ ಎಂಬುದು ಐದನೆಯ ಪ್ರಶ್ನೆ. ಬಳಕೆದಾರನಿಗೆ ತೋರುವ ಸಂದೇಶ ಯಾವಾಗಲೂ ಒಂದೇ, ಆದರೆ ಸರ್ವರ್‌ನ ದಾಖಲೆಯಲ್ಲಿ ಕಾರಣ ಸ್ಪಷ್ಟವಾಗಿರುತ್ತದೆ. ಆಕ್ಟಿವ್ ಡೈರೆಕ್ಟರಿಯು ಎಲ್‌ಡ್ಯಾಪ್ ದೋಷ 49ರ ಜೊತೆಗೆ ಒಂದು ಉಪಸಂಕೇತವನ್ನೂ ನೀಡುತ್ತದೆ. 525 ಎಂದರೆ ಅಂತಹ ಹೆಸರೇ ಇಲ್ಲ. 52ಇ ಎಂದರೆ ಪಾಸ್‌ವರ್ಡ್ ಹೊಂದುತ್ತಿಲ್ಲ. 532 ಎಂದರೆ ಪಾಸ್‌ವರ್ಡ್ ಅವಧಿ ಮುಗಿದಿದೆ. 533 ಎಂದರೆ ಖಾತೆಯನ್ನು ನಿಷ್ಕ್ರಿಯಗೊಳಿಸಲಾಗಿದೆ. 773 ಎಂದರೆ ಪಾಸ್‌ವರ್ಡ್ ಬದಲಿಸಿಯೇ ಒಳಬರಬೇಕು. 775 ಎಂದರೆ ಖಾತೆಗೆ ಬೀಗ ಬಿದ್ದಿದೆ. "ಏನೋ ಸರ್ವರ್ ಸಮಸ್ಯೆ, ನೋಡುತ್ತಿದ್ದೇವೆ" ಎನ್ನುವ ತಂತ್ರಜ್ಞರನ್ನು ಈ ಉಪಸಂಕೇತ ಯಾವುದೆಂದು ಸೌಜನ್ಯದಿಂದ ಕೇಳಿ. ಉತ್ತರ ಬಂದರೆ ಕೆಲಸ ಸರಿದಾರಿಯಲ್ಲಿದೆ. ಬಾರದಿದ್ದರೆ ಅವರು ದಾಖಲೆಯನ್ನು ಇನ್ನೂ ತೆರೆದಿಲ್ಲ.

ಗಡಿಯಾರ, ಪ್ರಮಾಣಪತ್ರ, ಸೇವಾಖಾತೆ

ಎಲ್ಲರಿಗೂ ಏಕಕಾಲಕ್ಕೆ ಬಾಗಿಲು ಮುಚ್ಚಿದಾಗ ನೋಡಬೇಕಾದ ಮೂರು ಸ್ಥಳಗಳಿವೆ.

ಮೊದಲನೆಯದು ಗಡಿಯಾರ. ಆಕ್ಟಿವ್ ಡೈರೆಕ್ಟರಿ ಬಳಸುವ ಕೆರ್ಬರಾಸ್ ಪದ್ಧತಿಯಲ್ಲಿ ಎರಡು ಯಂತ್ರಗಳ ಸಮಯದ ನಡುವೆ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ಅಂತರವನ್ನು ಒಪ್ಪಲಾಗುವುದಿಲ್ಲ. ಹಳೆಯ ಸರ್ವರ್‌ನ ಒಳಗಿನ ಸಣ್ಣ ಬ್ಯಾಟರಿ ಸತ್ತು, ವಿದ್ಯುತ್ ಹೋಗಿ ಬಂದ ಮೇಲೆ ಗಡಿಯಾರ ಹಿಂದೆ ಬಿದ್ದರೆ ಸರಿಯಾದ ಪಾಸ್‌ವರ್ಡ್ ಕೂಡ ತಿರಸ್ಕೃತವಾಗುತ್ತದೆ. ಇದು ಕಾನೂನಿನ ವಿಷಯವೂ ಹೌದು. ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಗಣಕ ವ್ಯವಸ್ಥೆಗಳ ಗಡಿಯಾರವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ, ಇಲ್ಲವೇ ಅದಕ್ಕೆ ಹೊಂದಿಕೊಂಡ ಸಮಯಮೂಲಕ್ಕೆ ಜೋಡಿಸಬೇಕು. ದಾಖಲೆಗಳನ್ನು 180 ದಿನ ಕಾಪಾಡಬೇಕು. ನಿಗದಿಪಡಿಸಿದ ಬಗೆಯ ಸೈಬರ್ ಘಟನೆಗಳನ್ನು ಅರಿವಿಗೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ನೀಡಿದ್ದ ಕಾಲಾವಕಾಶ 2022ರ ಸೆಪ್ಟೆಂಬರ್ 25ಕ್ಕೆ ಮುಗಿಯಿತು. ಸರ್ವರ್ ವರ್ಗಾವಣೆಯ ಭರದಲ್ಲಿ ಹಳೆಯ ದಾಖಲೆಗಳನ್ನು ಅಳಿಸಿಹಾಕುವವರು ಇದನ್ನು ಗಮನಿಸಬೇಕು.

ಎರಡನೆಯದು ಪ್ರಮಾಣಪತ್ರ. ಡೈರೆಕ್ಟರಿಯೊಂದಿಗಿನ ಮಾತುಕತೆ ಗೂಢಲಿಪಿಯಲ್ಲಿ ನಡೆಯಬೇಕಾದರೆ ಪ್ರಮಾಣಪತ್ರವೊಂದು ಬೇಕು. ಅದರ ಅವಧಿ ಮುಗಿದಿದ್ದರೆ, ಅಥವಾ ಅದರಲ್ಲಿರುವ ಹೆಸರು ಸರ್ವರ್‌ನ ಹೆಸರಿಗೆ ಹೊಂದದಿದ್ದರೆ ಮಾತುಕತೆ ಮುರಿಯುತ್ತದೆ. ಸಾರ್ವಜನಿಕ ಪ್ರಾಧಿಕಾರಗಳು ನೀಡುವ ಪ್ರಮಾಣಪತ್ರಗಳ ಗರಿಷ್ಠ ಅವಧಿಯನ್ನು 2020ರ ಸೆಪ್ಟೆಂಬರ್ 1ರಿಂದ 398 ದಿನಕ್ಕೆ ಇಳಿಸಲಾಗಿತ್ತು. ಅದನ್ನು 2026ರ ಮಾರ್ಚ್ 15ರಿಂದ 200 ದಿನಕ್ಕೂ, ಹಂತ ಹಂತವಾಗಿ 2029ರ ಮಾರ್ಚ್ 15ರಿಂದ 47 ದಿನಕ್ಕೂ ಇಳಿಸುವ ನಿರ್ಣಯ 2025ರಲ್ಲಿ ಆಗಿದೆ. ವರ್ಷಕ್ಕೊಮ್ಮೆ ನೆನಪಿಸಿಕೊಂಡರೆ ಸಾಕೆಂಬ ಕಾಲ ಮುಗಿಯಿತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪ್ರಮಾಣಪತ್ರ ತೊಡಕಾದಾಗ ಗೂಢಲಿಪಿಯನ್ನೇ ತೆಗೆದುಹಾಕಿ "ಈಗ ಸರಿಯಾಯಿತು" ಎನ್ನುವುದು ಸುಲಭದ ದಾರಿ. ಆಗ ಸಿಬ್ಬಂದಿಯ ಪಾಸ್‌ವರ್ಡ್‌ಗಳು ಜಾಲದಲ್ಲಿ ತೆರೆದ ಅಂಚೆಕಾರ್ಡಿನಂತೆ ಸಾಗುತ್ತವೆ. ಇದನ್ನು ಯಾವ ಮಾಲೀಕರೂ ಒಪ್ಪಬಾರದು.

ಮೂರನೆಯದು ಸೇವಾಖಾತೆ. ಇ-ಮೇಲ್ ಸರ್ವರ್ ಡೈರೆಕ್ಟರಿಯನ್ನು ಓದಲು ತನ್ನದೇ ಒಂದು ಹೆಸರು ಮತ್ತು ಪಾಸ್‌ವರ್ಡ್ ಬಳಸುತ್ತದೆ. ಅವಸರದಲ್ಲಿ ಕೆಲಸ ಮಾಡಿದ ತಂತ್ರಜ್ಞರು ಇದಕ್ಕೆ ತಮ್ಮ ಸ್ವಂತ ಖಾತೆಯನ್ನೇ ಕೊಟ್ಟಿದ್ದರೆ, ಅವರು ಕೆಲಸ ಬಿಟ್ಟ ದಿನ ಅಥವಾ ಪಾಸ್‌ವರ್ಡ್ ಬದಲಿಸಿದ ದಿನ ಇಡೀ ಕಚೇರಿಗೆ ಬಾಗಿಲು ಮುಚ್ಚುತ್ತದೆ. ಓದಲು ಮಾತ್ರ ಅಧಿಕಾರವಿರುವ ಪ್ರತ್ಯೇಕ ಸೇವಾಖಾತೆಯೊಂದನ್ನು ತೆರೆದು, ಅದರ ವಿವರವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಮಾಲೀಕರ ತಿಜೋರಿಯಲ್ಲಿ ಇರಿಸುವುದೇ ಸರಿಯಾದ ಕ್ರಮ.

ಪಣಕ್ಕಿರುವುದು ಏನು?

ಎರಡು ದಿನ ಇ-ಮೇಲ್ ಇಲ್ಲದಿದ್ದರೆ ಏನಾಯಿತು, ವಾಟ್ಸ್‌ಆ್ಯಪ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಲೆಕ್ಕಪರಿಶೋಧಕನಾಗಿ ನನ್ನ ಆತಂಕವಿರುವುದು ಇಲ್ಲಿಯೇ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 169ನೇ ಪ್ರಕರಣದ ಪ್ರಕಾರ ನೋಂದಣಿಯಲ್ಲಿ ನೀಡಿದ ಇ-ಮೇಲ್ ವಿಳಾಸಕ್ಕೆ ಕಳುಹಿಸುವುದೂ, ಸಾಮಾನ್ಯ ಪೋರ್ಟಲ್‌ನಲ್ಲಿ ಲಭ್ಯಗೊಳಿಸುವುದೂ ನೋಟೀಸ್ ಜಾರಿಯ ಮಾನ್ಯ ವಿಧಾನಗಳು. ಪೆಟ್ಟಿಗೆ ತೆರೆಯಲಾಗಲಿಲ್ಲ ಎಂಬುದರಿಂದ ಮಾತ್ರ ಗಡುವು ನಿಲ್ಲುವುದಿಲ್ಲ. ಆದೇಶದ ವಿರುದ್ಧ 107ನೇ ಪ್ರಕರಣದಡಿ ಮೇಲ್ಮನವಿಗೆ ಇರುವ ಅವಧಿ ಮೂರು ತಿಂಗಳು. ಸಕಾರಣವಿದ್ದರೆ ಮೇಲ್ಮನವಿ ಪ್ರಾಧಿಕಾರವು ಇನ್ನೊಂದು ತಿಂಗಳ ವಿಳಂಬವನ್ನು ಮನ್ನಿಸಬಹುದು, ಅದಕ್ಕಿಂತ ಹೆಚ್ಚಿಲ್ಲ. ಆದಾಯ ತೆರಿಗೆಯಲ್ಲಿಯೂ 2019ರಲ್ಲಿ ಆರಂಭವಾದ ಮುಖರಹಿತ ಮೌಲ್ಯಮಾಪನದ ನಂತರ ಅಧಿಕಾರಿಯ ಎದುರು ಹೋಗಿ ವಿವರಿಸುವ ಪದ್ಧತಿ ಬಹುಮಟ್ಟಿಗೆ ಮರೆಯಾಗಿದೆ. ಇಂದು ನೋಂದಾಯಿತ ಇ-ಮೇಲ್ ವಿಳಾಸವೇ ನಮ್ಮ ಅಂಗಡಿಯ ಮುಂಬಾಗಿಲು.

ಆದ್ದರಿಂದ ವರ್ಗಾವಣೆಗೆ ಮುನ್ನ ಒಂದು ಹಾಳೆಯಲ್ಲಿ ಬರೆಯಬೇಕಾದ ಪಟ್ಟಿ ಇದು: ಜಿಎಸ್‌ಟಿ, ಆದಾಯ ತೆರಿಗೆ, ಭವಿಷ್ಯ ನಿಧಿ, ಇಎಸ್‌ಐ, ಕಂಪನಿ ವ್ಯವಹಾರಗಳ ಸಚಿವಾಲಯ, ಬ್ಯಾಂಕು, ಉದ್ಯಮ್ ನೋಂದಣಿ. ಇವುಗಳಲ್ಲಿ ಯಾವ ಇ-ಮೇಲ್ ವಿಳಾಸ ದಾಖಲಾಗಿದೆ? ಆ ಪೆಟ್ಟಿಗೆಯನ್ನು ಯಾರು ತೆರೆಯುತ್ತಾರೆ? ಈ ಹಾಳೆಯನ್ನು ಬರೆಯಲು ಕುಳಿತಾಗಲೇ ಕೆಲಸ ಬಿಟ್ಟುಹೋದ ಗುಮಾಸ್ತರ ವಿಳಾಸ ಇನ್ನೂ ನೋಂದಣಿಯಲ್ಲಿರುವುದು ಅನೇಕರ ಗಮನಕ್ಕೆ ಬಂದೀತು. ವರ್ಗಾವಣೆಯ ದಿನ ಮೊದಲು ಪರೀಕ್ಷಿಸಬೇಕಾದ ಪೆಟ್ಟಿಗೆಗಳು ಇವೇ. ಜಿಎಸ್‌ಟಿ ವಿವರಪಟ್ಟಿಯ ಗಡುವಾದ 11 ಮತ್ತು 20ನೇ ತಾರೀಖುಗಳ ಆಸುಪಾಸಿನಲ್ಲಿ ಸರ್ವರ್ ಬದಲಿಸುವ ಸಾಹಸವನ್ನು ಯಾರೂ ಮಾಡಬಾರದು.

ಇನ್ನೊಂದು ಅಪಾಯ ವಂಚಕರದು. ಕಚೇರಿಯಲ್ಲಿ ಎಲ್ಲರೂ "ಹೊಸ ಪಾಸ್‌ವರ್ಡ್ ಬರುತ್ತದೆ" ಎಂದು ಕಾಯುತ್ತಿರುವಾಗ "ನಿಮ್ಮ ಪೆಟ್ಟಿಗೆ ಸ್ಥಳಾಂತರಗೊಂಡಿದೆ, ಇಲ್ಲಿ ಲಾಗಿನ್ ಆಗಿ" ಎಂಬ ನಕಲಿ ಪತ್ರಕ್ಕೆ ಬಲಿಯಾಗುವುದು ಸುಲಭ. ಹೀಗೆ ಒಂದು ಖಾತೆ ಕೈವಶವಾದರೆ ಗ್ರಾಹಕರಿಗೆ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂದು ನಮ್ಮದೇ ವಿಳಾಸದಿಂದ ಪತ್ರ ಹೋಗುತ್ತದೆ. ಹೊಸ ಪಾಸ್‌ವರ್ಡನ್ನು ಇ-ಮೇಲ್ ಮೂಲಕ ಎಂದೂ ಕೊಡುವುದಿಲ್ಲ, ಮುಖತಃ ಕೊಡುತ್ತೇವೆ ಎಂದು ಮೊದಲೇ ಸಾರಬೇಕು. ಹಣ ಹೋಗಿದೆಯೆಂದು ತಿಳಿದ ಕ್ಷಣವೇ 1930 ಸಂಖ್ಯೆಗೆ ಕರೆ ಮಾಡಬೇಕು.

ಗಾಬರಿಯಲ್ಲಿ ಮಾಡಬಾರದ ಕೆಲಸಗಳು

ಲಾಗಿನ್ ಆಗುತ್ತಿಲ್ಲವೆಂದು ಎಲ್ಲರಿಗೂ ಒಂದೇ ಪಾಸ್‌ವರ್ಡ್ ಹಂಚುವುದು, ತಾತ್ಕಾಲಿಕವಾಗಿ ಎಲ್ಲರನ್ನೂ ಆಡಳಿತಾಧಿಕಾರಿಗಳನ್ನಾಗಿ ಮಾಡುವುದು, ಎರಡು ಹಂತದ ದೃಢೀಕರಣವನ್ನು ಕಿತ್ತುಹಾಕುವುದು, ಅಲ್ಲಿಯವರೆಗೆ ಎಂದು ಸ್ವಂತ ಜಿಮೇಲ್ ಖಾತೆಗಳಿಂದ ದರಪಟ್ಟಿ ಕಳುಹಿಸುವುದು ಸರ್ವೇಸಾಮಾನ್ಯ. ತಾತ್ಕಾಲಿಕ ಎಂದು ಮಾಡಿದ ಏರ್ಪಾಡುಗಳು ನಮ್ಮ ಕಚೇರಿಗಳಲ್ಲಿ ಎಷ್ಟು ಕಾಲ ಬಾಳುತ್ತವೆ ಎಂಬುದನ್ನು ಸದಸ್ಯರಿಗೆ ನಾನು ಹೇಳಬೇಕಾಗಿಲ್ಲ.

ಹಳೆಯ ಸರ್ವರನ್ನು ಮರುದಿನವೇ ಗುಜರಿಗೆ ಹಾಕುವುದು ಇವೆಲ್ಲಕ್ಕಿಂತ ದೊಡ್ಡ ಅವಿವೇಕ. ಜಿಎಸ್‌ಟಿ ಕಾಯಿದೆಯ 36ನೇ ಪ್ರಕರಣದಂತೆ ಲೆಕ್ಕದ ದಾಖಲೆಗಳನ್ನು ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳು ಇರಿಸಿಕೊಳ್ಳಬೇಕು. ಕಂಪನಿ ಕಾಯಿದೆಯ 128ನೇ ಪ್ರಕರಣದಂತೆ ಕಂಪನಿಗಳು ಎಂಟು ಆರ್ಥಿಕ ವರ್ಷಗಳ ಪುಸ್ತಕಗಳನ್ನು ಕಾಪಾಡಬೇಕು. ಖರೀದಿ ಆದೇಶ, ದರ ಒಪ್ಪಿಗೆ, ಸರಕು ತಲುಪಿದ ಸ್ವೀಕೃತಿ ಇವೆಲ್ಲ ಇಂದು ಇ-ಮೇಲ್‌ನಲ್ಲೇ ಇರುತ್ತವೆ. ಬಾಕಿ ವಸೂಲಿಗೆ ನ್ಯಾಯಾಲಯಕ್ಕೆ ಹೋದಾಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣದಂತೆ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ನೀಡಬೇಕು. ಮೂಲ ಪೆಟ್ಟಿಗೆಯೇ ಇಲ್ಲದಿದ್ದರೆ ಯಾವುದನ್ನು ಪ್ರಮಾಣೀಕರಿಸುವುದು?

ಕೀಲಿಕೈ ಯಾರ ಹೆಸರಿನಲ್ಲಿದೆ?

ದೇಶದಲ್ಲಿ 1995ರ ಆಗಸ್ಟ್ 15ರಂದು ಸಾರ್ವಜನಿಕ ಅಂತರಜಾಲ ಸೇವೆ ಆರಂಭಿಸಿದ ವಿದೇಶ ಸಂಚಾರ ನಿಗಮದ ವಿಳಾಸವನ್ನು ನಮ್ಮ ಅನೇಕ ವರ್ತಕರು ಹೆಮ್ಮೆಯಿಂದ ಬಿಲ್ ಪುಸ್ತಕದ ಮೇಲೆ ಮುದ್ರಿಸಿಕೊಂಡಿದ್ದರು. 2002ರಲ್ಲಿ ಆ ಸಂಸ್ಥೆ ಟಾಟಾ ಸಮೂಹಕ್ಕೆ ಸೇರಿತು, 2008ರಲ್ಲಿ ಅದರ ಹೆಸರೂ ಬದಲಾಯಿತು. ಪರರ ಹೆಸರಿನ ವಿಳಾಸ ಎಷ್ಟು ಭದ್ರ ಎಂಬುದಕ್ಕೆ ಇದು ನಿದರ್ಶನ. ಸ್ವಂತ ಡೊಮೇನ್ ಹೊಂದಿರುವವರೂ ನಿಶ್ಚಿಂತರಾಗಿರುವಂತಿಲ್ಲ. ಡೊಮೇನ್ ನೋಂದಣಿ ಸಂಸ್ಥೆಯ ಹೆಸರಿನಲ್ಲಿದೆಯೇ, ಅಥವಾ ಜಾಲತಾಣ ಮಾಡಿಕೊಟ್ಟವರ ಹೆಸರಿನಲ್ಲಿದೆಯೇ? ಡೈರೆಕ್ಟರಿಯ ಮುಖ್ಯ ಆಡಳಿತ ಖಾತೆಯ ಪಾಸ್‌ವರ್ಡ್ ಯಾರ ಬಳಿ ಇದೆ? ಅಂಗಡಿಯ ಬೀಗದ ಕೈಯನ್ನು ಬೀಗ ಮಾರಿದವನ ಬಳಿಯೇ ಬಿಟ್ಟು ಬರುವ ವರ್ತಕ ಶಿವಾಜಿನಗರದಲ್ಲಿಯೂ ಇಲ್ಲ, ಹಲಸೂರಿನಲ್ಲಿಯೂ ಇಲ್ಲ. ಗಣಕದ ವಿಷಯದಲ್ಲಿ ಮಾತ್ರ ನಾವು ಹಾಗೆ ಮಾಡುತ್ತೇವೆ.

ಹತ್ತು ಜನರ ಸಂಸ್ಥೆಗೆ ಇಷ್ಟೆಲ್ಲ ಅಗತ್ಯವೇ ಎಂಬ ಆಕ್ಷೇಪ ನ್ಯಾಯವಾದದ್ದು. ಅಂತಹ ಸಂಸ್ಥೆ ಸ್ವಂತ ಇ-ಮೇಲ್ ಸರ್ವರ್ ಇಟ್ಟುಕೊಳ್ಳಲೇಬಾರದೆಂಬುದು ನನ್ನ ಅಭಿಮತ. ತಲೆಗಿಷ್ಟೆಂದು ಶುಲ್ಕ ತೆತ್ತು ಹೊರಗಿನ ಸೇವೆ ಪಡೆಯುವುದೇ ಮೇಲು. ಆದರೆ ಆಗಲೂ ಡೈರೆಕ್ಟರಿ ಎಂಬುದು ಇಲ್ಲದಾಗುವುದಿಲ್ಲ, ಅದು ಇನ್ನೊಬ್ಬರ ಯಂತ್ರದಲ್ಲಿರುತ್ತದೆ ಅಷ್ಟೇ. ಯಾರು ಸೇರಿದರು, ಯಾರು ಬಿಟ್ಟರು ಎಂಬ ನಮೂದನ್ನು ನಾವೇ ಸರಿಪಡಿಸಬೇಕು.

ಖಾತೆಪುಸ್ತಕ ಬದಲಿಸುವಾಗ ನಾವು ಅನುಸರಿಸುವ ಶಿಸ್ತನ್ನೇ ಇಲ್ಲಿಯೂ ಪಾಲಿಸಿದರೆ ಸಾಕು. ಮೊದಲು ಸಂಬಳದ ಪಟ್ಟಿಯೊಂದಿಗೆ ಡೈರೆಕ್ಟರಿಯನ್ನು ತಾಳೆ ನೋಡಿ, ಬಿಟ್ಟುಹೋದವರ ಖಾತೆಗಳನ್ನು ಮುಚ್ಚಿರಿ. ಬಳಿಕ ಪ್ರತಿ ವಿಭಾಗದಿಂದ ಒಬ್ಬರಂತೆ ನಾಲ್ಕೈದು ಜನರನ್ನು ಮಾತ್ರ ಒಂದು ವಾರ ಮುಂಚಿತವಾಗಿ ಹೊಸ ಸರ್ವರ್‌ಗೆ ಕಳುಹಿಸಿ ನೋಡಿರಿ. ವಿಳಾಸದ ನಮೂದುಗಳು ಜಾಲದಲ್ಲಿ ಉಳಿಯುವ ಅವಧಿಯನ್ನು ಎರಡು ದಿನ ಮೊದಲೇ ಕಡಿಮೆ ಮಾಡಿಸಿರಿ. ಆ ಅವಧಿ 86,400 ಸೆಕೆಂಡ್ ಎಂದಿದ್ದರೆ, ತಪ್ಪಾದಾಗ ಹಿಂದಿರುಗಲು ಒಂದು ಪೂರ್ಣ ದಿನ ಬೇಕಾಗಬಹುದು. ಹಳೆಯ ಸರ್ವರನ್ನು ಕನಿಷ್ಠ ಒಂದು ತಿಂಗಳು ಚಾಲನೆಯಲ್ಲಿಡಿರಿ. ಎಲ್ಲರೂ ಲಾಗಿನ್ ಆದರೆಂದು ವಿಭಾಗವಾರು ಸಹಿ ಪಡೆದ ನಂತರವೇ ತಂತ್ರಜ್ಞರ ಅಂತಿಮ ಕಂತನ್ನು ಪಾವತಿಸಿರಿ.

ನಮ್ಮ ಸಂಸ್ಥೆಗೂ ಒಂದು ವಿನಂತಿ. ತೆರಿಗೆ ಕಾಯಿದೆ ಬದಲಾದಾಗಲೆಲ್ಲ ನಾವು ಸದಸ್ಯರಿಗೆ ಕಾರ್ಯಾಗಾರ ನಡೆಸುತ್ತೇವೆ. ಇ-ಮೇಲ್ ಸೇವೆಯ ಕರಾರಿನಲ್ಲಿ ಡೊಮೇನ್ ಮಾಲೀಕತ್ವ, ಆಡಳಿತ ಖಾತೆಯ ಹಸ್ತಾಂತರ, ಹಳೆಯ ಪತ್ರಗಳ ಪ್ರತಿ, ವರ್ಗಾವಣೆಯ ನಂತರದ ಬೆಂಬಲ ಇವುಗಳನ್ನು ಒಳಗೊಂಡ ಮಾದರಿ ಕರಾರನ್ನು ಕನ್ನಡದಲ್ಲಿ ಸಿದ್ಧಪಡಿಸಿ ಹಂಚಿದರೆ ಮಹದೇವಪುರದ ತಯಾರಕರಿಗೂ ಇಂದಿರಾನಗರದ ಮಳಿಗೆದಾರರಿಗೂ ಅದು ಸಮಾನವಾಗಿ ಉಪಯೋಗಕ್ಕೆ ಬರುತ್ತದೆ. ತಂತ್ರಜ್ಞರು ತಮ್ಮ ಕೆಲಸವನ್ನು ಮಾಡಲಿ. ಆದರೆ ಅವರಿಗೆ ಕೆಲಸ ಒಪ್ಪಿಸುವ ಮುನ್ನ ಸಿಬ್ಬಂದಿಯ ಪಟ್ಟಿ, ನೋಂದಾಯಿತ ವಿಳಾಸಗಳ ಪಟ್ಟಿ ಮತ್ತು ಮೊಹರು ಮಾಡಿದ ಲಕೋಟೆ ಈ ಮೂರೂ ಮಾಲೀಕರ ಮೇಜಿನ ಮೇಲಿರಲಿ.